ಕಂಬಿ ಮೇಲಿನ ಬೆಡ್‌ಶೀಟು

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಲಕ್ವ ಹೊಡೆದವರು ಎರಡೂ ಕಡೆ ಹಿಡಿದು ನಡೆಯೋದನ್ನ ಕಲೀಲಿ ಅಂತ ನನ್ನ ರೂಮಲ್ಲಿ ಜೋಡಿ ಕಂಬಿ ಇದೆ. ಮಳೆ ಹಿಡಿದಿದ್ದ ಒಂದು ಬೆಳಿಗ್ಗೆ ಬಂದು ನೋಡಿದರೆ, ಅದರ ತುಂಬ ವಾರ್ಡಿನ ಒದ್ದೆ ಬೆಡ್‌ಶೀಟುಗಳು.

ತೆಗೆಸಿ ಅಂತ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ಹತ್ರ ಹೋದೆ. "ಬೆಡ್‌ಶೀಟು ನಮ್ದು ನಿಜ, ರೂಮು ಆಫೀಸಿಂದು. ಅಲ್ಲಿ ಕೇಳಿ" ಅಂದರು. ಆಫೀಸಿನವರು, "ಕಂಬಿ ಮೂಳೆ ಡಾಕ್ಟರ ವಿಭಾಗಕ್ಕೆ ಸೇರಿದ್ದು" ಅಂದರು. ಮೂಳೆ ಡಾಕ್ಟರು ನಿಧಾನಕ್ಕೆ ತಲೆಯೆತ್ತಿ, "ಅಂದ ಹಾಗೆ, ನೀವು ಯಾರ ಅಂಡರ್ ಬರ್ತೀರಿ?" ಅಂತ ಕೇಳಿದರು. ಕೆಲಸಕ್ಕೆ ಸೇರಿದಾಗಿಂದ ನನಗೂ ಅದೇ ಅನುಮಾನ.

ವಾಪಸ್ ಬಂದರೆ, ಸಿ.ಎಸ್. ಪುರದಿಂದ ಬಂದಿದ್ದ ಗಂಗಮ್ಮಜ್ಜಿ ಕಾದು ಸಾಕಾಗಿ ಕಂಬಿಗಳ ನಡುವೆ ನಿಂತಿದ್ದರು. ಹಿಂದೆ ಸೊಸೆ ಸೊಂಟ ಹಿಡಿದಿದ್ದಳು. ಅಜ್ಜಿ ಸ್ವಾಧೀನ ತಪ್ಪಿದ ಎಡಗೈಯಲ್ಲೇ ಒಂದೊಂದು ಬೆಡ್‌ಶೀಟು ಎಳೆದು ಕೆಡವುತ್ತ, ಒಂದೊಂದೇ ಹೆಜ್ಜೆ ಮುಂದಿಡುತ್ತಿದ್ದರು. ಆ ಕೈ ಆಡಿಸೋಕೆ ನಾನು ತಿಂಗಳಿಂದ ಒದ್ದಾಡುತ್ತಿದ್ದೆ.

"ಇದೇನಜ್ಜಿ?" ಅಂದೆ.

"ನೀನು ಎಲ್ರುನೂ ಕೇಳ್ಕಂಡು ಬರೋ ಹೊತ್ಗೆ ನಮ್ ಬಸ್ಸು ಹೊಂಟೋಯ್ತದೆ ಕಣವ್ವ."

ಅಷ್ಟರಲ್ಲಿ ಮೇಡಂ ಬಂದರು. ಅಜ್ಜಿ ನಡೆದಿದ್ದು ಅವರ ಕಣ್ಣಿಗೆ ಬೀಳಲಿಲ್ಲ. ನೆಲದ ಮೇಲಿದ್ದ ಬೆಡ್‌ಶೀಟು ನೋಡಿ, "ಒಣಗೋಕೆ ಮುಂಚೆ ಯಾಕ್ರೀ ತೆಗೆಸಿದ್ರಿ?" ಅಂತ ನನಗೆ ಚೆನ್ನಾಗಿ ಬೈದರು.

ನನಗೇನೂ ಬೇಜಾರಾಗಲಿಲ್ಲ. ಇಷ್ಟು ವರ್ಷದಲ್ಲಿ ನನ್ನ ರೂಮಿಗೇ ಬಂದು ಕೆಲಸ ವಿಚಾರಿಸಿದ ಮೊದಲ ಮೇಲಧಿಕಾರಿ ಅವರು.