ರಿವರ್ಸ್ ಗೇರ್ ಹಾಕದ ಜೀಪು

ನಾನು ನಿಂತಿದ್ದದ್ದು ಹದಿನಾರು ಎಂಬ ಊರಿನ ಆಚೆ, ನಾಲೆ ಏರಿಯ ಮೇಲೆ, ತೂಬಿನ ಪಕ್ಕದಲ್ಲಿ. ಒಂಬತ್ತು ವರ್ಷದ ಹಿಂದೆ, ಒಂದು ಶುಕ್ರವಾರ, ಬೆಳಗ್ಗೆ ಹನ್ನೊಂದರ ಸುಮಾರು. ಸ್ಕೂಟರ್ ಕೈಕೊಟ್ಟಿತ್ತು. ಪ್ಲಗ್ ಬಿಚ್ಚಿ ಒರೆಸುತ್ತಿದ್ದೆ.

ಇಷ್ಟು ನಿಖರವಾಗಿ ಹೇಳಲು ಕಾರಣವಿದೆ. ಹೋದ ವಾರ ತಿ. ನರಸೀಪುರದ ಬಸ್ ಸ್ಟ್ಯಾಂಡ್ ಹೋಟೆಲಿನಲ್ಲಿ ಪಕ್ಕದ ಟೇಬಲ್ಲಿನವನು ತನ್ನ ಜೊತೆಯವನಿಗೆ ಹೇಳಿದ: “ಶಿವಸ್ವಾಮಿ ಜೀಪಿಗೆ ದಾರಿ ಬುಡ್ದೆ ನಾಲೆಗೆ ಬೀಳಿಸ್ದ್ನಲ್ಲ, ಆ ಗಾಡಿ ಸಿದ್ದ, ಓಗ್ಬುಟ್ನಂತೆ ಕಣ್ಲಾ.”

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಶಿವಸ್ವಾಮಿಯದು ಮಿಲಿಟರಿಯವರು ಹರಾಜು ಹಾಕಿದ ಹಳೆಯ ಡಿಸ್ಪೋಸಲ್ ಜೀಪು. ಮಳೆಗಾಲದಲ್ಲಿ ಗದ್ದೆ ದಾರಿಯ ಕೆಸರಿಗೆ ಇಳಿದರೆ ಹೊಟ್ಟೆ ತಾಗಿ ನಿಂತುಬಿಡುತ್ತಿತ್ತು. ದೊಡ್ಡ ಟೈರ್ ಹಾಕಬೇಕೆಂದರೆ ಮಡ್‌ಗಾರ್ಡಿಗೆ ಉಜ್ಜುತ್ತದೆ. ಅದಕ್ಕೆ ನಂಜನಗೂಡಿನ ಗ್ಯಾರೇಜಿನಲ್ಲಿ ಆಕ್ಸಲ್ಲಿಗೂ ಕಮಾನು ಪಟ್ಟಿಗೂ ನಡುವೆ ಕಬ್ಬಿಣದ ತುಂಡು ಕೊಟ್ಟು ಇಡೀ ಜೀಪನ್ನೇ ಎತ್ತರಿಸಿ ದೊಡ್ಡ ಟೈರ್ ಹಾಕಿಸಿದ್ದ. (ಕೆಸರು ಒಂದು ನೆಪ. ಎತ್ತರದಲ್ಲಿ ಕೂರುವುದು ಯಾರಿಗೆ ಬೇಡ?)

ಅವತ್ತು ಅದಕ್ಕೆ ಪೂಜೆ. ನಂಜನಗೂಡಿನಲ್ಲಿ ಚಕ್ರದಡಿ ನಿಂಬೆಹಣ್ಣು ಇಟ್ಟು ತುಳಿಸಿ, ಬಾನೆಟ್ಟಿಗೆ ಚೆಂಡುಹೂವಿನ ಹಾರ ಹಾಕಿಸಿ, ತಾಯಿ ಗೌರಮ್ಮನವರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಊರಿಗೆ ಹೊರಟಿದ್ದ. ತೂಬಿನ ಹತ್ತಿರ ನಿಲ್ಲಿಸಿದ.

“ಏನ್ ಸಾ, ಇನ್ಮೇಲೆ ನಿಮ್ಮುನ್ನ ಬಗ್ಗಿ ನೋಡ್ಬೇಕು!”

“ಅಮ್ಮನ್ನ ಹೆಂಗೆ ಹತ್ತಿಸಿದೆ ಮಾರಾಯ?”

“ಸ್ಟೂಲ್ ಇಟ್ಕಂಡು ಅತ್ತುದೆ ಕಣಪ್ಪ. ಈಗ ಇಳಿಯೋಕೆ ಭಯ,” ಎಂದರು ಗೌರಮ್ಮ. ಮೂವರೂ ನಕ್ಕೆವು.

ಜೀಪು ಮುಂದೆ ಹೋಯಿತು. ನನಗೆ ಮಾತು ಕೇಳಿಸುವಷ್ಟು ದೂರದಲ್ಲೇ ಎದುರಿಗೆ ಸಿದ್ದಯ್ಯನ ಎತ್ತಿನ ಗಾಡಿ ಬಂತು. ಗಾಡಿ ತುಂಬ ಭತ್ತದ ಹುಲ್ಲು. ಏರಿ ಕಿರಿದು. ಒಂದು ಕಡೆ ಗದ್ದೆ, ಒಂದು ಕಡೆ ತುಂಬಿದ ನಾಲೆ. ಸಿದ್ದಯ್ಯ ಗದ್ದೆಯ ಕಡೆಗೆ ಎಷ್ಟು ಸರಿಯಬಹುದೋ ಅಷ್ಟೂ ಸರಿದ. ಒಂದು ಎತ್ತಿನ ಕಾಲು ಇಳಿಜಾರಿಗೆ ಜಾರಿತ್ತು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

“ಬುದ್ಧಿ, ವಸಿ ಇಂದಕ್ಕೆ ತಕ್ಕಳಿ. ತೂಬ್ತಾವ ಅಗ್ಲ ಅದೆ. ನಾನು ದಾಟ್ಕತೀನಿ.”

ನ್ಯಾಯವಾದ ಮಾತು. ಆ ಏರಿಯ ಮೇಲೆ ಶಿವಸ್ವಾಮಿ ಎಷ್ಟೋ ಸಲ ಜೀಪು ಹಿಂದಕ್ಕೆ ತೆಗೆದುಕೊಂಡವನೇ. ಅವತ್ತೂ ಗೇರಿಗೆ ಕೈ ಹಾಕಿದ. ಗೌರಮ್ಮ ಅವನ ಕೈ ಹಿಡಿದರು.

“ಬ್ಯಾಡ ಕಣಪ್ಪ. ನಿಂಬೆಹಣ್ಣು ತುಳಿದು ಬಂದ ಗಾಡಿ. ಮನೆ ಮುಟ್ಟೋಗಂಟ ಇಂದಕ್ಕೋಗ್ಬಾರ್ದು.”

ಶಿವಸ್ವಾಮಿ ಗೇರಿನಿಂದ ಕೈ ತೆಗೆದ. ಆಮೇಲೆ ನಕ್ಕ. “ಟೈರ್ ನೋಡ್ಲಾ ಸಿದ್ದ! ಇದು ಗೋಡೆನೇ ಅತ್ತದೆ. ನೀನು ಎತ್ತು ಇಡ್ಕ.”

ಹಳೆಯ ಟೈರಿನ ಜೀಪಾಗಿದ್ದರೆ ತಾಯಿಗೆ ಏನೋ ಒಂದು ಸಮಾಧಾನ ಹೇಳಿ ರಿವರ್ಸ್ ಹಾಕುತ್ತಿದ್ದ. ನಾನು ಹಾಗೆಯೇ ನಂಬಿದ್ದೇನೆ.

ನಾಲೆಯ ಕಡೆಯ ಚಕ್ರಗಳು ಏರಿಯ ಅಂಚಿಗೆ ಇಳಿದವು. ಟೈರುಗಳು ಜಾರಲಿಲ್ಲ. ಅವನು ಹೇಳಿದಂತೆಯೇ ಮಣ್ಣನ್ನು ಕಚ್ಚಿ ಹಿಡಿದಿದ್ದವು. ವಾಲಿದ್ದು ಮೇಲಿನ ಭಾರ. ವೇಗವೇ ಇರಲಿಲ್ಲ. ನಿದ್ದೆ ತೂಗುವ ಮನುಷ್ಯನಂತೆ ಜೀಪು ನಿಧಾನವಾಗಿ ಒರಗಿತು. ಗೌರಮ್ಮ ಸೀಟಿನಿಂದ ಹೊರಗೆ ಜಾರಿ ನೀರಿಗೆ ಬಿದ್ದರು. ಆಮೇಲೆ ಜೀಪು ಮಗುಚಿತು. ಶಿವಸ್ವಾಮಿ ಸ್ಟಿಯರಿಂಗ್ ಹಿಂದೆಯೇ ಇದ್ದ.

ನಾನು ಓಡಿಹೋಗುವಷ್ಟರಲ್ಲಿ ಸಿದ್ದಯ್ಯ ಹುಲ್ಲಿಗೆ ಕಟ್ಟಿದ್ದ ಹಗ್ಗ ಕಿತ್ತುಕೊಂಡು ನಾಲೆಗೆ ಹಾರಿದ್ದ. ಗೌರಮ್ಮನವರನ್ನು ದಡಕ್ಕೆ ಎಳೆದು ತಂದ. ಹಗ್ಗದ ತುದಿ ನನ್ನ ಕೈಗೆ ಕೊಟ್ಟು ಮತ್ತೆ ಮುಳುಗಿದ. ಮತ್ತೆ ಮತ್ತೆ ಮುಳುಗಿದ. ನಾಲ್ಕು ದೊಡ್ಡ ಟೈರುಗಳು ನೀರಿನ ಮೇಲಿದ್ದವು. ಶಿವಸ್ವಾಮಿ ಅಡಿಯಲ್ಲಿದ್ದ. ಅವನನ್ನು ಉಳಿಸಿಕೊಳ್ಳಲಾಗಲಿಲ್ಲ.

ಸಂಜೆಯ ಹೊತ್ತಿಗೆ ಊರಿನಲ್ಲಿ ಒಂದೇ ಮಾತು: ಸಿದ್ದ ದಾರಿ ಬಿಡಲಿಲ್ಲ. ಹುಲ್ಲು ತುಂಬಿದ ಗಾಡಿಯನ್ನು ಎತ್ತುಗಳು ಏರಿಯ ಮೇಲೆ ಹಿಂದಕ್ಕೆ ತಳ್ಳುತ್ತವೆಯೇ? ಜೀಪಿಗೆ ರಿವರ್ಸ್ ಗೇರ್ ಇತ್ತಲ್ಲ! ಇದನ್ನು ನಾನು ಅವತ್ತೇ ಹೇಳಿದೆ. ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ. ಮಗನನ್ನು ಕಳೆದುಕೊಂಡ ತಾಯಿ ಮಾತ್ರ ಏನೂ ಹೇಳಲಿಲ್ಲ. ಆ ಮೌನವೇ ಸಿದ್ದಯ್ಯನ ವಿರುದ್ಧ ಸಾಕ್ಷಿಯಾಯಿತು. ಸಿದ್ದಯ್ಯನನ್ನು ಯಾರೂ ಕೂಲಿಗೆ ಕರೆಯದಾದರು. ಎತ್ತು ಮಾರಿದ. ಒಮ್ಮೆ ಸಂತೆಯಲ್ಲಿ ಸಿಕ್ಕಾಗ ಕೇಳಿದ: “ನೀವು ಕಂಡ್ರಲ್ಲ ಸಾ? ಕಂಡ್ರಿ ತಾನೇ?” ತನಗೇ ಅನುಮಾನ ಬಂದವನ ಹಾಗೆ.

ಹೋದ ವಾರ ಹೋಟೆಲಿನಲ್ಲಿ ಆ ಪಕ್ಕದ ಟೇಬಲ್ಲಿನವನಿಗೂ ಹೇಳಿದೆ: “ಅವನು ದಾರಿ ಬಿಟ್ಟಿದ್ದ ಕಣ್ರೀ. ನಾನು ಕಂಡಿದ್ದೀನಿ.”

“ಬುಡಿ ಸಾ, ಎಲ್ರಿಗೂ ಗೊತ್ತಿರೋ ಇಸ್ಯ,” ಎಂದು ಎದ್ದು ಕೈ ತೊಳೆಯಲು ಹೋದ.

ಸಿದ್ದಯ್ಯನೂ ಹೋದ. ಆ ಏರಿಯ ಮೇಲೆ ನಡೆದದ್ದನ್ನು ಕಂಡವರಲ್ಲಿ ಈಗ ಬದುಕಿರುವುದು ಇಬ್ಬರೇ: ನಾನು, ಮತ್ತು ಗೌರಮ್ಮ.