ತಂಗಿಗೆ ಸಿಗದ ಸೀಟು, ನನ್ನ ಹೊಟ್ಟೆಕಿಚ್ಚು

ತಂಗಿಗೆ ಪಶುವೈದ್ಯಕೀಯ ಸೀಟು ಸಿಗಲಿಲ್ಲ ಎಂದು ಅಮ್ಮ ಫೋನ್ ಮಾಡಿದಾಗ ನಾನು ಲಕ್ಕೂರಿನ ಗಂಡನ ಮನೆಯಲ್ಲಿ ಮುದ್ದೆ ತೊಳಸುತ್ತಿದ್ದೆ. ಸೀಟು ಹಂಚುವ ಕೊನೆಯ ಸುತ್ತಿನಲ್ಲೂ ಅವಳ ಹೆಸರು ಬಂದಿರಲಿಲ್ಲವಂತೆ. ಎರಡು ದಿನದಿಂದ ಊಟ ಬಿಟ್ಟಿದ್ದಾಳೆ, ನೀನೇ ಬಂದು ಸಮಾಧಾನ ಹೇಳು ಅಂದಳು. ಮಾಲೂರಿನಲ್ಲಿ ಬಸ್ಸು ಬದಲಿಸಿ ಮಾಸ್ತಿ ಹತ್ತಿರದ ತವರೂರಿಗೆ ಹೋದೆ.

ಮನೆಯಲ್ಲಿ ಟಿವಿ ಹಾಕಿರಲಿಲ್ಲ. ಅಮ್ಮ ತಂಗಿಗಿಷ್ಟ ಅಂತ ಪೂರಿ ಕರಿದಿದ್ದಳು. ತಾನು ಕುಡಿದ ಕಾಫಿ ಲೋಟವನ್ನೂ ಯಾವತ್ತೂ ಎತ್ತಿಡದ ಅಪ್ಪ, ಹಾಲಿನ ಲೋಟ ಹಿಡಿದು ಅವಳ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಅದನ್ನು ನೋಡಿದ್ದೇ ನನ್ನ ಹೊಟ್ಟೆ ಉರಿಯಿತು.

ಹನ್ನೊಂದು ವರ್ಷದ ಹಿಂದೆ ನಾನೂ ಪಿಯುಸಿಯಲ್ಲಿ ಫಸ್ಟ್ ಕ್ಲಾಸ್ ಬಂದಿದ್ದೆ. ಕೋಲಾರದ ಕಾಲೇಜಿನಿಂದ ಅರ್ಜಿ ತರಿಸಿ ತುಂಬಿಯೂ ಇಟ್ಟಿದ್ದೆ. ಅಪ್ಪ ಸಹಿ ಹಾಕಲಿಲ್ಲ. ರೇಷ್ಮೆ ಹುಳಕ್ಕೆ ಸೊಪ್ಪು ಕೊಯ್ಯೋರು ಯಾರು ಅಂದ. ನಾನು ಹಿಪ್ಪುನೇರಳೆ ತೋಟದಲ್ಲಿ ಕೂತು ಅತ್ತೆ. ಮಧ್ಯಾಹ್ನ ಅಮ್ಮ ಕೂಗಿದಳು, ಹೋಗಿ ಉಂಡೆ. ಯಾರೂ ಏನೂ ಕೇಳಲಿಲ್ಲ.

ತಂಗಿಯ ಪಕ್ಕ ಕೂತು, ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತನ್ನೆಲ್ಲ ಹೇಳಿದೆ. ಒಂದು ಸೀಟು ಹೋದರೆ ಬದುಕು ಹೋಗಲ್ಲ, ಬೇರೆ ಓದು ಇದೆ ಅಂದೆ. ಅವಳು ಗೋಡೆಯ ಕಡೆಯಿಂದ ಮುಖ ತಿರುಗಿಸಲಿಲ್ಲ.

"ನಿಂಗೇನ್ ಗೊತ್ತಕ್ಕ. ನೀನು ಓದ್ಬೇಕು ಅಂದ್ಕೊಂಡೋಳೇ ಅಲ್ಲ."

ಎರಡು ಬಾರಿಸಬೇಕು ಅನ್ನಿಸಿತು. ಬಾರಿಸಲಿಲ್ಲ, ಅರ್ಜಿಯ ಕತೆ ಹೇಳಿದೆ. ಆಗ ಅವಳಿಗೆ ಏಳು ವರ್ಷ, ಅದೇನೂ ಗೊತ್ತಿರಲಿಲ್ಲ. ಹೇಳುತ್ತಾ ಹೇಳುತ್ತಾ ನಿಜ ಬಾಯಿಗೆ ಬಂದುಬಿಟ್ಟಿತು. "ನೀನು ಅಳೋದು ನೋಡಿದ್ರೆ ನಂಗೆ ಹೊಟ್ಟೆಕಿಚ್ಚಾಗ್ತದೆ ಕಣೇ. ನಾನು ಅತ್ತಾಗ ಯಾರೂ ಹಾಲು ಹಿಡ್ಕೊಂಡು ನಿಂತ್ಕೊಳ್ಲಿಲ್ಲ."

ಸಮಾಧಾನ ಹೇಳಲು ಬಂದವಳು ಆಡುವ ಮಾತೇ ಇದು ಎಂದು ನಾಲಿಗೆ ಕಚ್ಚಿಕೊಂಡೆ. ಅವಳು ಎದ್ದು ಕೂತಳು.

"ಏನ್ ಓದ್ಬೇಕು ಅಂತಿದ್ದೆ?"

ಗಣಿತ ಅಂದೆ. ಅಷ್ಟು ವರ್ಷದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ, ಗಂಡನೂ. ಆಮೇಲೆ ಇಬ್ಬರೂ ಅಡುಗೆಮನೆಗೆ ಹೋಗಿ ತಣ್ಣಗಾಗಿದ್ದ ಪೂರಿ ತಿಂದೆವು.

ಮುಂದಿನ ವಾರ ಕೋಲಾರದಲ್ಲಿ ಅವಳನ್ನು ಬಿಎಸ್ಸಿಗೆ ಸೇರಿಸಲು ನಾನೇ ಜೊತೆಗೆ ಹೋದೆ. ಅವಳ ಬೇಸರ ಪೂರ್ತಿ ಹೋಗಿರಲಿಲ್ಲ, ಪ್ರಾಣಿಶಾಸ್ತ್ರ ಸಿಕ್ಕಿದ್ದಕ್ಕೆ ಸ್ವಲ್ಪ ಹಗುರಾಗಿದ್ದಳು. ಇಬ್ಬರಲ್ಲಿ ಸೇರೋರು ಯಾರಮ್ಮ ಎಂದು ಗುಮಾಸ್ತರು ಕೇಳಿದರು. ತಂಗಿ ಮುಂದೆ ಹೋದಳು, ನಾನು ಹಿಂದೆ ಸರಿದು ಗೋಡೆಗೆ ಒರಗಿದೆ. ಹೊಟ್ಟೆಕಿಚ್ಚು ಆಗಲೂ ಇತ್ತು, ಈಗಲೂ ಒಮ್ಮೊಮ್ಮೆ ಇರುತ್ತದೆ. ಅವಳಿಗೆ ಅದು ಗೊತ್ತು. ಅವತ್ತು ಸೇರುವ ಕೆಲಸ ಮುಗಿಸಿ ಬಂದವಳು ನನ್ನ ಮುಖ ನೋಡಿ ತೋಳು ಹಿಡಿದುಕೊಂಡಳು. ಹಾಗೇ ಬಸ್ ಸ್ಟ್ಯಾಂಡಿನವರೆಗೂ ನಡೆದೆವು.