ಅಳಿಯನಿಗೆ ಮುಖ ತೋರಿಸದ ಝೆಲಿಪಾ

ಝೆಲಿಪಾ ನಮ್ಮ ಪಕ್ಕದ ಮನೆಯವಳು, ನನಗಿಂತ ನಾಲ್ಕು ಮಳೆಗಾಲಕ್ಕೆ ದೊಡ್ಡವಳು. ಕುಳ್ಳಗೆ, ಗಟ್ಟಿಯಾಗಿ, ಒನಕೆಯ ಹಾಗಿದ್ದಳು. ಡಬ್ಬಿ ಬಡಿದು ಆನೆ ಓಡಿಸುವಾಗ ನಮ್ಮೂರ ಗಂಡಸರೂ ಅವಳ ಬೆನ್ನ ಹಿಂದೆಯೇ ನಿಲ್ಲುತ್ತಿದ್ದರು. ಅಂಥವಳು ಹೆದರುತ್ತಿದ್ದದ್ದು ಒಬ್ಬನಿಗೇ, ತನ್ನ ಅಳಿಯ ಯೋಬೆಗೆ.

ಹೆದರಿಕೆ ಅಂದರೆ ಮರ್ಯಾದೆಯ ಹೆದರಿಕೆ. ಅತ್ತೆ ಕೋಳಿ ಅಡುಗೆ ಮಾಡಿ ಅಳಿಯನ ಮುಂದಿಟ್ಟು ಮುಖ ತೆರೆಯುವ ಶಾಸ್ತ್ರ ಆಗುವವರೆಗೆ ನಮ್ಮಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡುವಂತಿಲ್ಲ, ಮಾತಾಡುವಂತಿಲ್ಲ. ದಾರಿಯಲ್ಲಿ ಯೋಬೆಯ ಖಾಕಿ ಅಂಗಿ ಕಂಡರೆ ಸಾಕು, ಝೆಲಿಪಾ ಬಟ್ಟೆಯನ್ನು ತಲೆಮೇಲೆ ಎಳೆದುಕೊಂಡು ಪಕ್ಕದ ಹುಲ್ಲಿಗೆ ಇಳಿದುಬಿಡುತ್ತಿದ್ದಳು. ಒಂದು ಸಲ ಹಾಗೆ ಇಳಿದದ್ದು ಕಾಡುಕೋಣ ಮಲಗಿದ್ದ ಪೊದೆಯೊಳಕ್ಕೆ. ಮೊಣಕಾಲು ತರಚಿಕೊಂಡು ಓಡಿ ಬಂದಳು.

"ಅಳಿಯನ್ನ ನೋಡಿದ್ರೆ ನಾಚಿಕೆ ಆಗ್ತಿತ್ತು ಅಷ್ಟೇ. ಕೋಣ ಕೊಂದೇಬಿಡ್ತಿತ್ತಲ್ಲೇ," ಅಂದೆ.

"ಕೋಣ ಆದ್ರೆ ಊರೆಲ್ಲ ಹೇಳ್ಕೊಂಡು ತಿರುಗಲ್ಲ," ಅಂದಳು.

ಯೋಬೆ ಕಾಡುಪ್ರಾಣಿಗಳ ಪಾರ್ಕಿನ ಕಾವಲುಗಾರ. ಲುವಾಂಗ್ವಾ ಹೊಳೆಯ ಆಚೆ ದಡ ಪ್ರಾಣಿಗಳದ್ದು, ಈಚೆ ದಡ ನಮ್ಮದು. ಆಚೆ ಒಂದು ಹುಲ್ಲುಕಡ್ಡಿ ಮುಟ್ಟಿದರೂ ತಪ್ಪು. ಆದರೆ ನಮ್ಮ ಹೊಳೆಗೆ ಒಂದು ಕಡೆ ಕೂತು ಗೊತ್ತಿಲ್ಲ. ಆ ವರ್ಷ ಫೆಬ್ರವರಿಯಲ್ಲಿ, ನಮ್ಮ ಕಡೆಯ ಮಳೆಗಾಲದ ನಡುವೆ, ಆರು ದಿನ ಬಿಡದೆ ಹೊಯ್ದ ಮಳೆಗೆ ಹೊಳೆ ಕೆಂಪಗೆ ಉಬ್ಬಿ, ಮರಗಳನ್ನು ಬೇರುಸಮೇತ ಹೊತ್ತು ತಂದಿತು. ಏಳನೆಯ ಬೆಳಿಗ್ಗೆ ಎದ್ದು ನೋಡಿದರೆ ತನ್ನ ದೊಡ್ಡ ತಿರುವನ್ನು ಬಿಟ್ಟು, ಅಡ್ಡಕ್ಕೆ ಸೀಳಿಕೊಂಡು ನೇರ ಹರಿಯುತ್ತಿದೆ. ತಿರುವಿನ ಒಳಗಿದ್ದ ಝೆಲಿಪಾಳ ಜೋಳದ ಹೊಲ ಒಂದು ಗಿಡವೂ ಬಾಗದೆ ಹಾಗೇ ನಿಂತಿತ್ತು. ಆಚೆ ದಡದಲ್ಲಿ.

"ನಾನೂ ಎಲ್ಲೂ ಹೋಗಿಲ್ಲ, ನನ್ನ ಹೊಲಾನೂ ಎಲ್ಲೂ ಹೋಗಿಲ್ಲ. ದಾಟಿರೋದು ಹೊಳೆ. ಹಿಡ್ಕೊಂಡು ಹೋಗ್ಲಿ ಅದನ್ನ," ಅಂದಳು ಝೆಲಿಪಾ.

ನೀರು ಇಳಿದ ಮೇಲೆ ದೋಣಿಯಲ್ಲಿ ದಿನಾ ದಾಟತೊಡಗಿದಳು. ಹಳೆಯ ತಿರುವು ಕೆರೆಯಾಗಿ ನಿಂತು, ಅದರಲ್ಲಿ ಸೇರಿದ ನೀರಾನೆಗಳು ಮೂಗಲ್ಲಿ ನೀರು ಸೀನುತ್ತಾ ಅವಳ ಕೆಲಸ ನೋಡುತ್ತಿದ್ದವು. ತೆನೆ ಬಂದ ಮೇಲೆ ಸಣ್ಣ ಹಕ್ಕಿಗಳು ಹೊಗೆಯ ಹಾಗೆ ಇಳಿಯುತ್ತಿದ್ದವು. ಓಡಿಸಲು ನನ್ನನ್ನೂ ಕರೆದೊಯ್ಯುತ್ತಿದ್ದಳು. ಆ ದಡದ ಕಾವಲು ಯೋಬೆಯದೇ. ಬರುತ್ತಿದ್ದ, ಅತ್ತೆ ಕಂಡೊಡನೆ ಬೆನ್ನು ತಿರುಗಿಸಿ ಮರದ ಕೆಳಗೆ ಕೂರುತ್ತಿದ್ದ. ಅವಳು ತಲೆ ಮುಚ್ಚಿಕೊಂಡು ಕಳೆ ಕೀಳುತ್ತಿದ್ದಳು. ಇಬ್ಬರ ನಡುವೆ ನಾನು.

"ಅಮಾಯಿ, ಇದು ಪಾರ್ಕು, ಇಲ್ಲಿಗೆ ಬರಬಾರದು ಅಂತ ಅವರಿಗೆ ಹೇಳಿ," ಎನ್ನುತ್ತಿದ್ದ ಯೋಬೆ ನನ್ನನ್ನು ಅಮ್ಮ ಎಂದು ಕರೆದು, ಮರದ ಕಡೆ ನೋಡುತ್ತಾ.

"ಮರ ಏನೋ ಮಾತಾಡ್ತಿದೆಯಲ್ಲೇ!" ಎನ್ನುತ್ತಿದ್ದಳು ಝೆಲಿಪಾ ನನಗೆ. "ಮರದ ಭಾಷೆ ನನಗೆ ಬರಲ್ಲಮ್ಮ."

ಮದುವೆಯಾಗಿ ಮೂರು ವರ್ಷವಾಯಿತು, ಮಗಳು ಲಿಸಿನೇಟಿ ಬೇರೆ ಬಸುರಿ, ಆ ಶಾಸ್ತ್ರ ಮುಗಿಸಿಬಿಡಬಾರದೆ ಎಂದು ನಾನು ಕೇಳಿದೆ. ಝೆಲಿಪಾ ಸುತ್ತ ನೋಡಿ, ಮೆಲ್ಲಗೆ ನಕ್ಕಳು.

"ಮುಖ ತೆರೆದ ದಿನ ಅವನಿಗೆ ಬಾಯಿ ಬರುತ್ತೆ. ಬಾಯಿ ಬಂದ ದಿನ ನನ್ನ ಜೋಳ ಹೋಗುತ್ತೆ. ಕೊಯ್ಲಾಗಲಿ, ಆಮೇಲೆ ಕೋಳಿ ಕುಯ್ಯೋಣ."

ಏಪ್ರಿಲ್ ಕೊನೆಗೆ ತೆನೆ ಕೆಂಪೇರಿತು. ಇನ್ನೊಂದು ವಾರ ಬೇಕಿತ್ತು. ಅಷ್ಟರಲ್ಲಿ ದೊಡ್ಡ ಸಾಹೇಬರು ಜೀಪಿನಲ್ಲಿ ಬಂದು ಹೊಲ ನೋಡಿದರು. ಆ ಹೆಂಗಸು ನಾಳೆಯೂ ಇಲ್ಲಿ ಕಂಡರೆ ನಿನ್ನ ಅಂಗಿ ಬಿಚ್ಚಿಟ್ಟು ಹೋಗು ಎಂದರಂತೆ ಯೋಬೆಗೆ. ಅವನು ನಮಗೆ ಯಾರಿಗೂ ಹೇಳಲಿಲ್ಲ. ಮನೆಗೆ ಬಂದು ಅಂಗಿ ಒಗೆದು, ಒಣಗಿಸಿ, ಮಡಿಸಿ ಚೀಲಕ್ಕೆ ಹಾಕಿದ. ಓಡಿ ಬಂದು ಹೇಳಿದವಳು ಲಿಸಿನೇಟಿ, ಅಳುತ್ತಾ.

"ನನಗೊಂದು ಮಾತು ಹೇಳಕ್ಕಾಗದೆ ಕೆಲಸಾನೇ ಬಿಡ್ತಾನಾ, ಆ ಪೆದ್ದ?" ಅಂದಳು ಝೆಲಿಪಾ. ಆಮೇಲೆ ಎದ್ದು ಹುಂಜ ಹಿಡಿದಳು.

ಮೆಕ್ಕೆಜೋಳದ ಮುದ್ದೆ, ಕೋಳಿ ಸಾರು, ಕಡಲೆಕಾಯಿ ಪುಡಿ ಹಾಕಿದ ಕುಂಬಳದ ಸೊಪ್ಪು. ಎಲ್ಲವನ್ನೂ ಅಳಿಯನ ಮುಂದಿಟ್ಟು, ಮೊಣಕಾಲೂರಿ, ತಲೆಯ ಬಟ್ಟೆ ಸರಿಸಿದಳು. ಯೋಬೆ ನೆಲ ನೋಡುತ್ತಿದ್ದ.

"ಕೈ ತೊಳ್ಕೊಳ್ಳಿ, ತಿನ್ನಿ. ತಿಂದು, ನನ್ನ ಮುಖ ನೋಡಿ ಹೇಳಬೇಕಾದ್ದು ಹೇಳಿ."

ಎರಡು ತುತ್ತು ನುಂಗುವಷ್ಟರಲ್ಲಿ ಅವನು ಬೆವೆತುಹೋದ. "ಅತ್ತೆ... ನಾಳೆಯಿಂದ ಆ ದಡಕ್ಕೆ ಬರಬೇಡಿ."

"ಜೋರಾಗಿ ಹೇಳಿ ಅಳಿಯಂದ್ರೇ. ಇಷ್ಟು ಮೆಲ್ಲಗೆ ಅಂದ್ರೆ ಇಲೀನೂ ಕದಲಲ್ಲ."

ಜೋರಾಗಿ ಹೇಳಿದ. ಹೇಳಿ ಅತ್ತುಬಿಟ್ಟ.

"ಆಯ್ತು, ಬರಲ್ಲ," ಅಂದಳು ಝೆಲಿಪಾ. ಅವನ ತಟ್ಟೆಗೆ ಇನ್ನೊಂದು ತುಂಡು ಹಾಕಿದಳು.

ಮೂರನೆಯ ಬೆಳಿಗ್ಗೆ ಆನೆಗಳು ಹೊಲಕ್ಕೆ ಇಳಿದವು. ಒಟ್ಟು ಹನ್ನೊಂದು, ಅದರಲ್ಲಿ ಎರಡು ಮರಿ. ನಾವಿಬ್ಬರೂ ಈಚೆ ದಡದಲ್ಲಿ ಕೂತು ನೋಡಿದೆವು. ಹೊಲ ಮುಗಿಯಲು ಒಂದು ಹೊತ್ತೂ ಹಿಡಿಯಲಿಲ್ಲ.

"ಆ ಚಿಕ್ಕದನ್ನ ನೋಡೇ, ತೆನೆ ಬಿಟ್ಟು ದಂಟು ತಿಂತಿದೆ. ಸ್ವಲ್ಪಾನೂ ಬುದ್ಧಿ ಇಲ್ಲ," ಅಂದಳು, ಕಣ್ಣೊರೆಸಿಕೊಂಡು.

ಆ ವರ್ಷ ಆ ಮನೆ ಉಂಡದ್ದು ಯೋಬೆಯ ಸಂಬಳದಲ್ಲಿ. ಬಿಡುವಿದ್ದಾಗೆಲ್ಲ ಅವನು ಊರ ಹಿಂದಿನ ದಿಣ್ಣೆಯಲ್ಲಿ ಅತ್ತೆಗೆ ಹೊಸ ಹೊಲ ಅಗೆದ, ಮಳೆಗೆ ಮುಂಚಿನ ಅಕ್ಟೋಬರಿನ ಸುಡುಬಿಸಿಲಲ್ಲೂ. ಅಗೆಯುತ್ತಾ ಒಂದೇ ಸಮನೆ ಮಾತು. ಸಿಂಹ ಎಲ್ಲಿ ಮರಿ ಹಾಕಿದೆ, ಸಾಹೇಬರ ಜೀಪು ಯಾವ ಮರಳಲ್ಲಿ ಹೂತಿತು, ಲಿಸಿನೇಟಿಯ ಸಾರಿಗೆ ಉಪ್ಪು ಸಾಲದು. ಮೂರು ವರ್ಷ ತಡೆದಿಟ್ಟದ್ದೆಲ್ಲ ಹೊರಗೆ ಬಂತು. ಒಂದು ಮಧ್ಯಾಹ್ನ ಝೆಲಿಪಾ ಬೇರು ಆರಿಸುತ್ತಾ ನನ್ನ ಕಿವಿಯ ಹತ್ತಿರ ಬಂದಳು.

"ಏ, ತೆರೆದ ಮುಖಾನ ಮತ್ತೆ ಮುಚ್ಚೋ ಶಾಸ್ತ್ರ ಯಾವುದಾದ್ರೂ ಇದೆಯೇನೇ?"

"ಏನತ್ತೆ?" ಎಂದ ಯೋಬೆ, ಗುದ್ದಲಿ ನಿಲ್ಲಿಸಿ.

"ಏನಿಲ್ಲಪ್ಪ, ನೀವು ಹೇಳಿ. ಜೀಪು ಹೂತಿತು, ಆಮೇಲೆ?"